ಮಲೆನಾಡಿನ ರ‍್ಯಾಲಿಯಲ್ಲಿ ಮಾರ್ಷಲ್ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ತೋಟದ ರಸ್ತೆಗಳಲ್ಲಿ ಕಾರುಗಳ ರ‍್ಯಾಲಿ ನಡೆಯುತ್ತೆ ಅನ್ನೋ ಸುದ್ದಿ ಹಬ್ಬಿದ ಕೂಡಲೇ ಶಿವಮೊಗ್ಗ, ತೀರ್ಥಹಳ್ಳಿ, ಕೊಪ್ಪ ಕಡೆಯ ಹುಡುಗ ಹುಡುಗಿಯರು ವಿಚಾರಿಸಲು ಶುರು ಮಾಡುತ್ತಾರೆ. ಮಾರ್ಷಲ್ ಆಗಿ, ಅಂದರೆ ಸ್ಪರ್ಧೆ ಸುರಕ್ಷಿತವಾಗಿ ನಡೆಯಲು ನೆರವಾಗುವ ಸ್ವಯಂಸೇವಕರಾಗಿ ನಾವೂ ಬರಬಹುದಾ, ಏನು ಕೆಲಸ ಕೊಡ್ತಾರೆ, ಕಾರು ಹತ್ತಿರದಿಂದ ನೋಡೋಕೆ ಸಿಗುತ್ತಾ. ನಾನು ಕಾರುಗಳ ಸಮಯ ಬರೆಯುವ ಮೇಜಿನಲ್ಲೂ ಕೂತಿದ್ದೇನೆ, ತೋಟದ ಅಡ್ಡದಾರಿಯನ್ನೂ ಕಾದಿದ್ದೇನೆ. ನನಗೆ ಗೊತ್ತಿರುವುದನ್ನು ಇಲ್ಲಿ ಬರೆದಿದ್ದೇನೆ. ಕೆಲವು ಉತ್ತರ ಉದ್ದ ಇದೆ. ಅವು ನಿಜವಾಗಿಯೂ ಮುಖ್ಯವಾದ ಪ್ರಶ್ನೆಗಳು, ದಯವಿಟ್ಟು ಪೂರ್ತಿ ಓದಿ.

ರ‍್ಯಾಲಿಗೂ ರೇಸಿಗೂ ಏನು ವ್ಯತ್ಯಾಸ?

ಟ್ರ್ಯಾಕಿನ ರೇಸಿನಲ್ಲಿ ಎಲ್ಲ ಕಾರುಗಳೂ ಒಟ್ಟಿಗೆ ಹೊರಟು ಅಲ್ಲೇ ಸುತ್ತುತ್ತವೆ. ರ‍್ಯಾಲಿಯಲ್ಲಿ ಒಂದೊಂದಾಗಿ ಹೊರಡುತ್ತವೆ. ಎದುರಾಳಿ ಕಣ್ಣಿಗೆ ಕಾಣುವುದಿಲ್ಲ, ಪೈಪೋಟಿ ಗಡಿಯಾರದ ಜೊತೆ. ಮಣ್ಣಿನ ರಸ್ತೆಯಲ್ಲಿ ಧೂಳು ಜಾಸ್ತಿ, ಅದಕ್ಕೇ ಎರಡು ಕಾರುಗಳ ನಡುವೆ ಒಂದೋ ಎರಡೋ ನಿಮಿಷ ಬಿಡುತ್ತಾರೆ.

ರಸ್ತೆ ಮುಚ್ಚಿಸಿ ಪೂರ್ತಿ ವೇಗದಲ್ಲಿ ಓಡಿಸುವ ಭಾಗಕ್ಕೆ ಸ್ಪೆಷಲ್ ಸ್ಟೇಜ್ ಅನ್ನುತ್ತಾರೆ. ಒಂದು ಸ್ಟೇಜ್ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಅದೇ ಕಾರು ಬಸ್ಸು, ಆಟೋ, ಪಿಕಪ್‌ಗಳ ನಡುವೆ ಮಾಮೂಲಿ ರಸ್ತೆಯಲ್ಲಿ ಹೋಗಬೇಕು. ಅಲ್ಲಿ ನಮಗೆಲ್ಲ ಇರುವ ಟ್ರಾಫಿಕ್ ನಿಯಮವೇ ಅವರಿಗೂ. ಕಾರಿನಲ್ಲಿ ಇಬ್ಬರಿರುತ್ತಾರೆ. ಒಬ್ಬರು ಓಡಿಸುತ್ತಾರೆ. ಪಕ್ಕದಲ್ಲಿ ಕೂತ ಕೋ-ಡ್ರೈವರ್ ಮುಂದಿನ ತಿರುವು ಹೇಗಿದೆ ಅಂತ ಮೊದಲೇ ಬರೆದುಕೊಂಡ ಪೇಸ್ ನೋಟ್ಸ್ ಓದಿ ಹೇಳುತ್ತಾರೆ. ಕಾರು ಎಲ್ಲಿಗೆ ಎಷ್ಟು ಹೊತ್ತಿಗೆ ಬಂತು ಅಂತ ಬರೆಸಿಕೊಳ್ಳುವ ಟೈಮ್ ಕಾರ್ಡಿನ ಹೊಣೆಯೂ ಅವರದೇ. ನೀವು ಮಾರ್ಷಲ್ ಆದರೆ ಹೆಚ್ಚು ಮಾತಾಡುವುದು ಈ ಕೋ-ಡ್ರೈವರ್ ಜೊತೆಗೇ.

ಮಲೆನಾಡನ್ನೇ ಯಾಕೆ ಆರಿಸುತ್ತಾರೆ?

ತೋಟದೊಳಗಿನ ಮಣ್ಣು ರಸ್ತೆಗಳಿಂದಾಗಿ. ಕಾಫಿ ಎಸ್ಟೇಟುಗಳಲ್ಲಿ ಜೀಪು, ಟ್ರ್ಯಾಕ್ಟರ್ ಓಡಾಡಲು ಮಾಡಿಕೊಂಡ ರಸ್ತೆಗಳು ಗುಡ್ಡದ ಮೈಗೆ ಅಂಟಿಕೊಂಡು ಸುತ್ತಿ ಸುತ್ತಿ ಹೋಗುತ್ತವೆ. ಮೇಲೆ ಸಿಲ್ವರ್ ಓಕ್ ಮರಗಳ ನೆರಳು, ಒಂದು ಪಕ್ಕ ಬರೆ (ರಸ್ತೆಗಾಗಿ ಕಡಿದ ಗುಡ್ಡದ ಗೋಡೆ), ಇನ್ನೊಂದು ಪಕ್ಕ ಇಳಿಜಾರು. ಬೆಳಿಗ್ಗೆ ಇಬ್ಬನಿಗೆ ನೆಲ ಜಾರುತ್ತೆ. ಮಧ್ಯಾಹ್ನದ ಹೊತ್ತಿಗೆ ಅದೇ ನೆಲ ಪುಡಿಪುಡಿ ಧೂಳು. ಒಂದೇ ಸ್ಟೇಜನ್ನು ಎರಡನೇ ಸಲ ಓಡಿಸುವಾಗ ರಸ್ತೆಯೇ ಬೇರೆಯಾಗಿರುತ್ತೆ. ಡ್ರೈವರ್‌ಗಳಿಗೆ ಇದು ನಿಜವಾದ ಪರೀಕ್ಷೆ.

ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ ಚಿಕ್ಕಮಗಳೂರಿಗೆ ಅನೇಕ ಸಲ ಬಂದಿದೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ಕೂಡ ಅಲ್ಲಿಯ ತೋಟಗಳಲ್ಲಿ ನಡೆದಿದೆ. ಆ ಪಟ್ಟವನ್ನು 2013ರಲ್ಲಿ ಗೆದ್ದು, ಗೆದ್ದ ಮೊದಲ ಭಾರತೀಯ ಅನ್ನಿಸಿಕೊಂಡ ಗೌರವ್ ಗಿಲ್ 2016 ಮತ್ತು 2017ರಲ್ಲಿ ಮತ್ತೆ ಗೆದ್ದರು. ಅವರ ಕಾರು ನಮ್ಮ ಕಾಫಿ ತೋಟಗಳ ನಡುವೆ ಹಾದುಹೋಗಿದ್ದನ್ನು ನೋಡಿದವರು ಇವತ್ತಿಗೂ ಅದರ ಮಾತಾಡುತ್ತಾರೆ. ಶಿವಮೊಗ್ಗದ ಕಡೆಯೂ ಆಟೋಕ್ರಾಸ್, ಜೀಪ್ ಆಫ್‌ರೋಡ್ ಅಂತ ಸಣ್ಣ ಸ್ಪರ್ಧೆಗಳು ನಡೆಯುತ್ತವೆ. ಕೆಲಸ ಕಲಿಯೋಕೆ ಇವು ಬಹಳ ಒಳ್ಳೆಯ ಜಾಗ. ಶಿವಮೊಗ್ಗದಿಂದ ಭದ್ರಾವತಿ, ತರೀಕೆರೆ ಮೇಲೆ ಹೋದರೆ ಚಿಕ್ಕಮಗಳೂರು ಸುಮಾರು 100 ಕಿ.ಮೀ. ಹಾಗಾಗಿ ನಮ್ಮ ಜಿಲ್ಲೆಯವರು ದೊಡ್ಡ ರ‍್ಯಾಲಿಗೂ ಸುಲಭವಾಗಿ ಹೋಗಬಹುದು.

ಮಾರ್ಷಲ್ ಅಂದರೆ ಬಾವುಟ ಬೀಸುವವರಾ?

ಬಾವುಟವೂ ಇದೆ, ಆದರೆ ಅದು ಸಣ್ಣ ಭಾಗ. ಒಂದು ಸ್ಟೇಜ್ ನಡೆಯಬೇಕಾದರೆ ಎಷ್ಟು ಬಗೆಯ ಜನ ಬೇಕು ನೋಡಿ. ಸ್ಟೇಜ್ ಶುರುವಾಗುವಲ್ಲಿ ಕಾರು ಬಂದ ಸಮಯ ಬರೆಯುವ ಟೈಮ್ ಕಂಟ್ರೋಲ್ ತಂಡ, ಹೊರಡಿಸುವ ಸ್ಟಾರ್ಟರ್, ಕೊನೆಯಲ್ಲಿ ಫಿನಿಶ್ ಮತ್ತು ಸ್ಟಾಪ್ ತಂಡ, ನಡುವೆ ವಾಕಿಟಾಕಿಯಲ್ಲಿ ಸುದ್ದಿ ಮುಟ್ಟಿಸುವ ರೇಡಿಯೋ ಪಾಯಿಂಟ್‌ಗಳು, ಪ್ರತಿ ಅಡ್ಡದಾರಿಗೂ ಒಬ್ಬರೋ ಇಬ್ಬರೋ ಕಾವಲು, ಜನ ಸೇರುವ ತಿರುವಿನಲ್ಲಿ ಜನರನ್ನು ನೋಡಿಕೊಳ್ಳುವವರು. ಆಂಬುಲೆನ್ಸ್, ಡಾಕ್ಟರ್, ಬೆಂಕಿ ಆರಿಸುವವರು, ಕಾರು ಎಳೆಯುವವರು ಬೇರೆ. ಸ್ಟೇಜಿಗೆ ಒಬ್ಬ ಸ್ಟೇಜ್ ಕಮಾಂಡರ್. ಇಡೀ ರ‍್ಯಾಲಿಯ ಹೊಣೆ ಕ್ಲರ್ಕ್ ಆಫ್ ದಿ ಕೋರ್ಸ್ ಅವರದು. ಹೆಸರಲ್ಲಿ ಕ್ಲರ್ಕ್ ಇದ್ದರೂ ಸ್ಟೇಜ್ ನಿಲ್ಲಿಸುವುದು, ಮುಂದುವರಿಸುವುದು ಎಲ್ಲ ಅವರ ಮಾತಿನ ಮೇಲೆ.

ಯಾರು ಯಾರು ಅಂತ ಗುರುತಿಸಲು ಮೇಲಂಗಿಯ ಬಣ್ಣ ನೋಡಿ. ಅಂತರರಾಷ್ಟ್ರೀಯ ಪದ್ಧತಿಯಂತೆ ಸುರಕ್ಷತೆಯವರಿಗೆ ಕಿತ್ತಳೆ, ವೈದ್ಯರಿಗೆ ಬಿಳಿ, ಮಾಧ್ಯಮದವರಿಗೆ ಹಸಿರು, ಕಾರು ತಪಾಸಣೆ ಮಾಡುವ ಸ್ಕ್ರೂಟಿನೀರ್‌ಗಳಿಗೆ ಕಪ್ಪು.

ನನಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ. ಆದರೂ ಬರಬಹುದಾ?

ಖಂಡಿತ ಬನ್ನಿ. ನನ್ನ ಅಭಿಪ್ರಾಯ ಕೇಳಿದರೆ, ಟರ್ಬೊ, ಸಸ್ಪೆನ್ಷನ್ ಅಂತ ಎಲ್ಲ ತಿಳಿದವನಿಗಿಂತ ಆ ಊರಿನ ಒಳದಾರಿಗಳು ಗೊತ್ತಿರುವವನು ಸ್ಟೇಜಿಗೆ ಜಾಸ್ತಿ ಬೇಕು. ಯಾವ ದಣಪೆ (ಬೇಲಿಯ ಗೇಟು) ದಾಟಿದರೆ ಯಾರ ಮನೆ ಬರುತ್ತೆ, ಲೈನ್ ಮನೆಯವರು ನೀರಿಗೆ ಎಲ್ಲಿಂದ ಇಳಿಯುತ್ತಾರೆ, ಶಾಲೆ ಮಕ್ಕಳು ಯಾವ ಕಾಲುಸಂಕ ದಾಟಿ ಬರುತ್ತಾರೆ. ಇದನ್ನು ಬೆಂಗಳೂರಿನಿಂದ ಬಂದ ಅಧಿಕಾರಿ ನಕಾಶೆಯಲ್ಲಿ ನೋಡಿ ತಿಳಿಯಲು ಆಗುವುದಿಲ್ಲ. ನಕಾಶೆಯಲ್ಲಿ ಆ ದಾರಿಗಳೇ ಇರುವುದಿಲ್ಲ. ಮಲೆನಾಡಿನಲ್ಲಿ ಮನೆಗೊಂದು ದಾರಿ, ತೋಟಕ್ಕೊಂದು ದಾರಿ. ಅಷ್ಟೂ ದಾರಿಗಳ ಪಟ್ಟಿ ಮಾಡಿದ ಮೇಲೆಯೇ ಸ್ಟೇಜ್ ಸುರಕ್ಷಿತ.

ಬೇಕಾಗಿರುವುದು 18 ವರ್ಷ ವಯಸ್ಸು, ದಿನವಿಡೀ ಒಂದೇ ಕಡೆ ಇರುವ ತಾಳ್ಮೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಗುಣ.

ದುಡ್ಡು ಕೊಡುತ್ತಾರಾ?

ಇದು ಸ್ವಯಂಸೇವೆ. ಸಂಬಳ ಅಂತ ಲೆಕ್ಕ ಹಾಕಿ ಬರಬೇಡಿ. ಊಟ, ತಿಂಡಿ, ದೂರದವರಿಗೆ ಉಳಿಯುವ ವ್ಯವಸ್ಥೆ, ಕೆಲವು ಕಡೆ ಪೆಟ್ರೋಲಿನ ಖರ್ಚು ಸಿಗಬಹುದು. ಒಪ್ಪಿಕೊಳ್ಳುವ ಮೊದಲು ಸಂಘಟಕರನ್ನು ನೇರವಾಗಿ ಕೇಳಿ, ಅದರಲ್ಲಿ ಸಂಕೋಚ ಬೇಡ. ಸಿಲ್ವರ್‌ಸ್ಟೋನಿನ ಬ್ರಿಟಿಷ್ ಗ್ರ್ಯಾನ್ ಪ್ರಿಯಲ್ಲೂ ಟ್ರ್ಯಾಕ್ ಪಕ್ಕ ನಿಲ್ಲುವ ಮಾರ್ಷಲ್‌ಗಳು ಸ್ವಯಂಸೇವಕರೇ.

ದಿನ ಹೇಗೆ ಶುರುವಾಗುತ್ತೆ?

ಕತ್ತಲಲ್ಲಿ. ಮೊದಲ ಕಾರು ಬೆಳಿಗ್ಗೆ ಹೊರಡುತ್ತೆ ಅಂದರೆ ನೀವು ಅದಕ್ಕಿಂತ ಗಂಟೆಗಟ್ಟಲೆ ಮೊದಲು ನಿಮ್ಮ ಜಾಗದಲ್ಲಿ ಇರಬೇಕು. ಯಾರದೋ ಪಿಕಪ್ಪಿನ ಹಿಂದೆ ಕೂತು, ಕಿವಿಗೆ ಮಫ್ಲರ್ ಸುತ್ತಿಕೊಂಡು ತೋಟದೊಳಗೆ ಹೋಗುತ್ತೀರಿ. ಒಬ್ಬೊಬ್ಬರನ್ನೇ ಇಳಿಸಿಕೊಂಡು ಪಿಕಪ್ ಮುಂದೆ ಹೋಗುತ್ತೆ. ಆಮೇಲೆ ನೀವು, ಒಂದು ಟೇಪಿನ ಉರುಳೆ, ಒಂದು ಸೀಟಿ, ತಿಂಡಿ ಪೊಟ್ಟಣ.

ಸ್ಪರ್ಧೆಯ ಕಾರುಗಳಿಗೆ ಮೊದಲು ಸಂಘಟಕರ ಕಾರುಗಳು ಬರುತ್ತವೆ. ಅವುಗಳ ಮೇಲೆ ಸೊನ್ನೆಗಳಿರುತ್ತವೆ. ಮೂರು ಸೊನ್ನೆಯದು ಮೊದಲು, ಆಮೇಲೆ ಎರಡು ಸೊನ್ನೆ, ಕೊನೆಗೆ ಒಂದೇ ಸೊನ್ನೆ. ಟೇಪ್ ಸರಿಯಾಗಿದೆಯಾ, ಮಾರ್ಷಲ್ ತನ್ನ ಜಾಗದಲ್ಲಿ ಇದ್ದಾನಾ, ಜನ ಎಲ್ಲಿ ನಿಂತಿದ್ದಾರೆ ಅಂತ ಇವರು ನೋಡಿಕೊಂಡು ಹೋಗುತ್ತಾರೆ. ಒಂದು ಸೊನ್ನೆಯ ಕಾರು ಸಾಕಷ್ಟು ವೇಗವಾಗಿಯೇ ಹೋಗುತ್ತೆ. ಅದು ಹೋಯಿತು ಅಂದರೆ ರಸ್ತೆ ಪೂರ್ತಿ ಮುಚ್ಚಿದೆ ಅಂತಲೇ ಲೆಕ್ಕ. ಆಮೇಲೆ ನಾಯಿಯೂ ದಾಟಬಾರದು.

ಕೊನೆಯ ಸ್ಪರ್ಧೆಯ ಕಾರು ಹೋದ ಮೇಲೆ ಎಲ್ಲರ ಹಿಂದೆ ನೋಡಿಕೊಂಡು ಬರುವ ಸಂಘಟಕರ ಸ್ವೀಪರ್ ಕಾರು ಬರುತ್ತೆ. ಅದು ದಾಟುವ ತನಕ ರಸ್ತೆ ತೆರೆಯುವಂತಿಲ್ಲ. ಕೆಟ್ಟು ನಿಂತ ಕಾರು ರಿಪೇರಿಯಾಗಿ ತಡವಾಗಿ ಬರಬಹುದು. "ಬಹಳ ಹೊತ್ತಾಯ್ತು, ಇನ್ನು ಬರಲ್ಲ ಬಿಡಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸ್ವೀಪರ್ ಬರಲಿ.

ಟೈಮ್ ಕಂಟ್ರೋಲಿನಲ್ಲಿ ಏನು ಮಾಡಬೇಕು?

ಗಣಿತಕ್ಕಿಂತ ಗಮನ ಬೇಕಾದ ಕೆಲಸ ಇದು. ರಸ್ತೆ ಬದಿಯಲ್ಲಿ ಮೊದಲು ಗಡಿಯಾರದ ಚಿತ್ರ ಇರುವ ಹಳದಿ ಫಲಕ. ಸ್ವಲ್ಪ ಮುಂದೆ ಅದೇ ಚಿತ್ರದ ಕೆಂಪು ಫಲಕ. ಕೆಂಪು ಫಲಕದ ಹತ್ತಿರ ನಿಮ್ಮ ಮೇಜು.

ಪ್ರತಿ ಕಾರಿಗೂ ಅಲ್ಲಿಗೆ ಬರಬೇಕಾದ ನಿಮಿಷ ನಿಗದಿಯಾಗಿರುತ್ತೆ. ಒಂದು ಕಾರಿನ ಸಮಯ 10:47 ಅನ್ನಿ. ಕೋ-ಡ್ರೈವರ್ ನಿಮ್ಮ ಕೈಗೆ ಕಾರ್ಡ್ ಕೊಟ್ಟಾಗ ಗಡಿಯಾರದಲ್ಲಿ 10:47:00ರಿಂದ 10:47:59ರ ಒಳಗೆ ಇದ್ದರೆ ದಂಡವಿಲ್ಲ. ಒಂದು ನಿಮಿಷ ತಡವಾದರೆ 10 ಸೆಕೆಂಡ್ ದಂಡ. ಒಂದು ನಿಮಿಷ ಬೇಗ ಕೊಟ್ಟರೆ ಪೂರ್ತಿ 1 ನಿಮಿಷ ದಂಡ. ತಡಕ್ಕಿಂತ ಬೇಗಕ್ಕೆ ಯಾಕೆ ಹೆಚ್ಚು ಅಂತ ಎಲ್ಲರೂ ಕೇಳುತ್ತಾರೆ. ಬೇಗ ಬಂದವರಿಗೆ ಲಾಭ ಇದ್ದರೆ ಊರ ರಸ್ತೆಯಲ್ಲಿ ಎಲ್ಲರೂ ಕಾರು ಹಾರಿಸಿಕೊಂಡು ಬರುತ್ತಿದ್ದರು. ಆ ಆಸೆಯನ್ನೇ ಈ ನಿಯಮ ತೆಗೆದುಹಾಕುತ್ತೆ. ನನಗೆ ರ‍್ಯಾಲಿಯ ನಿಯಮಗಳಲ್ಲಿ ಬಹಳ ಇಷ್ಟವಾದದ್ದು ಇದು.

ಹಾಗಾಗಿ ಕೋ-ಡ್ರೈವರ್ ನಿಮ್ಮ ಮೇಜಿನ ಪಕ್ಕ ಬಂದು ಕಾರ್ಡ್ ಕೈಯಲ್ಲಿ ಹಿಡಿದು ಸುಮ್ನೆ ನಿಂತಿರುತ್ತಾರೆ. ನೀವಾಗಿ ಕಾರ್ಡ್ ಕೇಳಬೇಡಿ, ಕೈ ಚಾಚಬೇಡಿ. ಅವರು ಕೊಟ್ಟ ಕ್ಷಣ ಗಡಿಯಾರ ನೋಡಿ. ನೋಡಿದ್ದನ್ನೇ ಬರೆಯಿರಿ. "ಅಣ್ಣಾ, ಒಂದೇ ಸೆಕೆಂಡ್ ಅಲ್ವಾ, ಅಡ್ಜಸ್ಟ್ ಮಾಡಿ" ಅಂತ ಪರಿಚಯದವರೂ ಕೇಳುತ್ತಾರೆ. ನಗುತ್ತಲೇ ಆಗಲ್ಲ ಅನ್ನಿ. ಬರೆದ ಅಂಕಿ ತಿದ್ದಬೇಕಾಗಿ ಬಂದರೆ ಹಳೆಯದು ಕಾಣುವ ಹಾಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಬರೆದು ಸಹಿ ಹಾಕಿ. ಕಾರ್ಡಿನಲ್ಲೂ ಬರೆಯಿರಿ, ನಿಮ್ಮ ಹಾಳೆಯಲ್ಲೂ ಬರೆಯಿರಿ. ಸಂಜೆ ತಕರಾರು ಬಂದಾಗ ಆ ಹಾಳೆಯೇ ಸಾಕ್ಷಿ.

ಸ್ಟೇಜಿನ ಹೊರಡುವ ಗೆರೆ ಇನ್ನೂ ಸ್ವಲ್ಪ ಮುಂದೆ ಇರುತ್ತೆ. ಕೊನೆಯ 5 ಸೆಕೆಂಡ್ ಒಂದೊಂದಾಗಿ ಎಣಿಸುತ್ತಾರೆ. ಗೆರೆಯ ಹತ್ತಿರ ಬೆಳಕಿನ ಕಿರಣದ ಯಂತ್ರ ಇದ್ದರೆ ಬೇಗ ಹೊರಟವರು ತಾನಾಗಿ ಸಿಕ್ಕಿಬೀಳುತ್ತಾರೆ. ಕೊನೆಯ ಭಾಗದಲ್ಲಿ ಚೌಕುಳಿ ಚಿತ್ರದ ಕೆಂಪು ಫಲಕ ಇರುವಲ್ಲಿ ಕಾರು ಪೂರ್ತಿ ವೇಗದಲ್ಲಿ ದಾಟುತ್ತೆ. ನೂರಾರು ಮೀಟರ್ ಮುಂದೆ ಸ್ಟಾಪ್ ಫಲಕದ ಹತ್ತಿರ ನಿಂತು ಸಮಯ ಬರೆಸಿಕೊಳ್ಳುತ್ತಾರೆ. ಈ ಎರಡರ ನಡುವೆ ಯಾರೂ ನಿಲ್ಲಬಾರದು, ಮಾರ್ಷಲ್ ಕೂಡ. ಇನ್ನೂ ವೇಗ ಇಳಿಯದ ಕಾರು ಅಲ್ಲಿರುತ್ತೆ.

ಅಡ್ಡದಾರಿ ಕಾಯೋದು ಬೋರಿಂಗ್ ಕೆಲಸ ಅಲ್ವಾ?

ಇಲ್ಲ. ಇಡೀ ರ‍್ಯಾಲಿಯಲ್ಲಿ ಇದರಷ್ಟು ದೊಡ್ಡ ಕೆಲಸ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ರ‍್ಯಾಲಿ ನಡೆಯುತ್ತಿತ್ತು. ಸ್ಪರ್ಧೆಯ ಕಾರು ಬರುತ್ತಿದ್ದ ದಾರಿಗೆ ಒಂದು ಬೈಕ್ ಬಂತು. ಬೈಕಿನಲ್ಲಿದ್ದ ಒಂದೇ ಮನೆಯ ಮೂವರು ತೀರಿಕೊಂಡರು. ರ‍್ಯಾಲಿ ಅಲ್ಲಿಗೇ ನಿಂತಿತು. ಒಂದು ದಾರಿ, ಒಂದು ಬೈಕ್, ಅಷ್ಟೇ ಸಾಕು. ನಿಮ್ಮನ್ನು ಒಂದು ಕಾಲುದಾರಿಯ ಬಾಯಲ್ಲಿ ನಿಲ್ಲಿಸಿ ಹೋದಾಗ ಇದು ನೆನಪಿರಲಿ.

ನಮ್ಮ ಕಡೆ ರ‍್ಯಾಲಿ ಬರುವುದು ಹೆಚ್ಚಾಗಿ ಮಳೆ ಮುಗಿದ ಮೇಲೆ. ಆಗಲೇ ಅಡಿಕೆ ಕೊಯ್ಲು, ಆಗಲೇ ಅರೇಬಿಕಾ ಹಣ್ಣಿನ ಕೊಯ್ಲು. ಯಾರಿಗೂ ಬಿಡುವಿಲ್ಲ. ಹಣ್ಣು ಆರಿಸುವವರು ಪಿಕಪ್ಪಿನಲ್ಲಿ ಬರುತ್ತಾರೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹತ್ತಿರ ಹೋಗಬೇಕಾದ ತೋಟದ ರೈಟರ್ ಬೈಕಿನಲ್ಲಿ ಬರುತ್ತಾರೆ. ಡೇರಿಗೆ ಹಾಲು ಹಾಕುವವರು, ಆಸ್ಪತ್ರೆಗೆ ಹೊರಟ ಅಜ್ಜಿ, ಮೇಯಲು ಹೋದ ದನ. ಇವರೆಲ್ಲರ ದಾರಿ ಅದು. ನಾವು ಒಂದು ದಿನದ ನೆಂಟರು. ಮಾತಾಡುವಾಗ ಇದು ಮನಸ್ಸಿನಲ್ಲಿ ಇರಬೇಕು.

ಒಳ್ಳೆಯ ಮಾರ್ಷಲ್ ಹಿಂದಿನ ದಿನವೇ ಆ ದಾರಿಯ ಮನೆಗಳಿಗೆ ಹೋಗಿ ಬರುತ್ತಾನೆ. "ಗೌಡ್ರೆ, ನಾಳೆ ಏಳರಿಂದ ಮಧ್ಯಾಹ್ನದ ತನಕ ಈ ರಸ್ತೆ ಮುಚ್ಚಿರುತ್ತೆ. ಹಾಲು ಸ್ವಲ್ಪ ಬೇಗ ಹಾಕಿ ಬನ್ನಿ. ದನ ಈ ಕಡೆ ಬಿಡಬೇಡಿ. ಯಾರಿಗಾದರೂ ಹುಷಾರಿಲ್ಲದಿದ್ದರೆ ಈಗಲೇ ಹೇಳಿ" ಅಂತ ತಿಳಿಸುತ್ತಾನೆ. ಹೀಗೆ ಹೇಳಿಸಿಕೊಂಡ ಮನೆಯವರು ಮರುದಿನ ನಿಮ್ಮ ಜೊತೆ ಜಗಳ ಆಡುವುದಿಲ್ಲ. ಬದಲಿಗೆ ಕಾಫಿ ತಂದುಕೊಡುತ್ತಾರೆ, ಪಕ್ಕದ ಮನೆಯವರನ್ನೂ ಅವರೇ ತಡೆಯುತ್ತಾರೆ.

ಯಾರಾದರೂ ದಾಟಲೇಬೇಕು ಅಂತ ಹಠ ಹಿಡಿದರೆ ದನಿ ಏರಿಸಬೇಡಿ. ದಾರಿಗೆ ಅಡ್ಡ ನಿಲ್ಲಿ, ಮರ್ಯಾದೆ ಬಿಡದೆ ಕಾರಣ ಹೇಳಿ. "ಅಮ್ಮ, ಈಗ ಬರೋ ಕಾರಿಗೆ ನೀವು ಕಂಡ ಮೇಲೆ ನಿಲ್ಲಿಸೋಕೆ ಆಗಲ್ಲ. ದಯವಿಟ್ಟು ಇಲ್ಲೇ ಕೂತ್ಕೊಳ್ಳಿ" ಅಂದರೆ ಬಹಳ ಜನ ಒಪ್ಪುತ್ತಾರೆ. ಕಾರು ಕಾಣುತ್ತಿಲ್ಲ, ಸದ್ದೂ ಇಲ್ಲ, ಒಂದು ನಿಮಿಷದಲ್ಲಿ ದಾಟಿಸಿಬಿಡೋಣ ಅನ್ನಿಸುತ್ತೆ. ಗುಡ್ಡದಲ್ಲಿ ಸದ್ದು ಮೋಸ ಮಾಡುತ್ತೆ. ಹತ್ತಿರದ ಕಾರಿನ ಸದ್ದು ಬರೆಯ ಹಿಂದೆ ಅಡಗಿರುತ್ತೆ, ತಿರುವಿಗೆ ಬಂದಾಗಲೇ ಕೇಳಿಸುವುದು. ನಿಜವಾದ ತುರ್ತು ಇದ್ದರೆ ರೇಡಿಯೋ ಪಾಯಿಂಟಿಗೆ ತಿಳಿಸಿ, ಮುಂದಿನ ಕಾರು ಹೊರಡಿಸದಂತೆ ಅವರು ನಿಲ್ಲಿಸುತ್ತಾರೆ. ಹೆರಿಗೆ ನೋವು, ಹಾವು ಕಡಿತ ಇಂಥದ್ದಕ್ಕೆ ಸ್ಟೇಜ್ ನಿಲ್ಲಿಸಬೇಕು. ನೀವು ಒಬ್ಬರೇ ತೀರ್ಮಾನಿಸಿ ದಾಟಿಸಬೇಡಿ.

ಕೆಲಸ ಮುಗಿದ ಮೇಲೆ ಟೇಪು, ಗೂಟ, ನೀರಿನ ಬಾಟಲಿ ಎಲ್ಲ ಎತ್ತಿಕೊಂಡು ಬನ್ನಿ. ತೆಗೆದ ದಣಪೆ ಮತ್ತೆ ಹಾಕಿ, ಇಲ್ಲದಿದ್ದರೆ ದನ ತೋಟಕ್ಕೆ ನುಗ್ಗುತ್ತೆ. ಮುಂದಿನ ವರ್ಷ ಆ ತೋಟದ ಮಾಲೀಕರು ರಸ್ತೆ ಕೊಡುತ್ತಾರೋ ಇಲ್ಲವೋ ಅನ್ನುವುದು ಇಂಥದ್ದರ ಮೇಲೆಯೇ ನಿಂತಿದೆ.

ನೋಡೋಕೆ ಬಂದ ಜನರನ್ನು ಹೇಗೆ ಸಂಭಾಳಿಸುವುದು?

ಜನ ಕೂಡುವುದು ತಿರುವಿನಲ್ಲಿ. ತಿರುವಿನ ಹೊರಬದಿಯೇ ಅತಿ ಅಪಾಯದ ಜಾಗ. ಹಿಡಿತ ತಪ್ಪಿದ ಕಾರು ಹೋಗುವುದು ಆ ಕಡೆಗೇ. ಜನರನ್ನು ಒಳಬದಿಯ ಬರೆಯ ಮೇಲೆ, ರಸ್ತೆಗಿಂತ ಎತ್ತರದಲ್ಲಿ, ಹಿಂದೆ ಸರಿಯಲು ಜಾಗ ಇರುವ ಕಡೆ ನಿಲ್ಲಿಸಿ. ಮಕ್ಕಳನ್ನು ಮುಂದೆ ಕೂರಿಸುವುದು ನಮ್ಮಲ್ಲಿ ಅಭ್ಯಾಸ. ಇಲ್ಲಿ ಅದು ಬೇಡ.

1986ರಲ್ಲಿ ಪೋರ್ಚುಗಲ್ ರ‍್ಯಾಲಿಯಲ್ಲಿ ರಸ್ತೆಗೇ ಅಂಟಿಕೊಂಡು ನಿಂತಿದ್ದ ಜನರ ಮೇಲೆ ಕಾರು ನುಗ್ಗಿ ಸಾವುಗಳಾದವು. ಅದೇ ವರ್ಷ ಫ್ರಾನ್ಸಿನ ಕಾರ್ಸಿಕಾದಲ್ಲಿ ಡ್ರೈವರ್ ಮತ್ತು ಕೋ-ಡ್ರೈವರ್ ಇಬ್ಬರೂ ತೀರಿಕೊಂಡರು. ಇವೆರಡರ ನಂತರ ಗ್ರೂಪ್ ಬಿ ಅನ್ನುವ ಅತಿ ಶಕ್ತಿಯ ಕಾರುಗಳ ವರ್ಗವನ್ನೇ 1987ರಿಂದ ವಿಶ್ವ ಚಾಂಪಿಯನ್‌ಶಿಪ್‌ನಿಂದ ತೆಗೆದುಹಾಕಿದರು.

ಮಾತು ಕೇಳದ ಗುಂಪು ಇದ್ದರೆ ಜಗಳಕ್ಕೆ ಇಳಿಯಬೇಡಿ. ರೇಡಿಯೋದಲ್ಲಿ ತಿಳಿಸಿ. ಜನ ಸರಿಯಾದ ಜಾಗಕ್ಕೆ ಹೋಗದಿದ್ದರೆ ಸ್ಟೇಜ್ ರದ್ದು ಮಾಡುವ ಅಧಿಕಾರ ಮೇಲಿನವರಿಗೆ ಇದೆ. "ನೀವು ಹಿಂದೆ ಹೋಗದಿದ್ದರೆ ಕಾರೇ ಬರಲ್ಲ" ಅನ್ನುವ ಮಾತು ಬಹಳ ಕೆಲಸ ಮಾಡುತ್ತೆ, ಯಾಕಂದರೆ ಅದು ನಿಜ.

ನನ್ನ ಕಣ್ಣೆದುರೇ ಕಾರು ಪಲ್ಟಿಯಾದರೆ?

ಮೊದಲು ಓಡಬೇಡಿ. ಹಿಂದೆ ಇನ್ನೊಂದು ಕಾರು ಬರುತ್ತಿದೆ. ಸೀಟಿ ಊದಿ, ಜನರನ್ನು ತಡೆಯಿರಿ. ಕಾರಿನ ನಂಬರ್, ಎಷ್ಟು ಹೊತ್ತಿಗೆ ಆಯಿತು, ಒಳಗಿದ್ದವರು ಹೊರಗೆ ಬಂದರಾ, ರಸ್ತೆ ಮುಚ್ಚಿದೆಯಾ. ಈ ನಾಲ್ಕು ವಿಷಯ ರೇಡಿಯೋದಲ್ಲಿ ಹೋಗಬೇಕು.

ಪ್ರತಿ ಕಾರಿನಲ್ಲೂ ಒಂದು ಫಲಕ ಇರುತ್ತೆ. ಒಂದು ಮುಖದಲ್ಲಿ ಹಸಿರು ಬಣ್ಣದ ಓಕೆ, ಇನ್ನೊಂದರಲ್ಲಿ ಕೆಂಪು ಬಣ್ಣದ ಎಸ್‌ಒಎಸ್. ಪೆಟ್ಟಾಗದಿದ್ದರೆ ಹಿಂದಿನ ಕಾರುಗಳಿಗೆ ಓಕೆ ತೋರಿಸುತ್ತಾರೆ. ಡಾಕ್ಟರ್ ಬೇಕಿದ್ದರೆ ಎಸ್‌ಒಎಸ್. ಕೆಂಪು ತ್ರಿಕೋನವನ್ನು ಕಾರಿಗಿಂತ ಕನಿಷ್ಠ 50 ಮೀಟರ್ ಹಿಂದೆ ಇಡಬೇಕು. ಎಸ್‌ಒಎಸ್ ಕಂಡ ಮೊದಲ ಕಾರು ನಿಂತು ಸಹಾಯ ಮಾಡಲೇಬೇಕು. ಎರಡನೆಯ ಕಾರು ಮುಂದಿನ ರೇಡಿಯೋ ಪಾಯಿಂಟಿಗೆ ಸುದ್ದಿ ಮುಟ್ಟಿಸಬೇಕು. ಗೆಲ್ಲುವ ಹಂತದಲ್ಲಿ ಇದ್ದವರೂ ನಿಲ್ಲುತ್ತಾರೆ. ಹಾಗೆ ನಿಂತು ಕಳೆದುಕೊಂಡ ಸಮಯವನ್ನು ಅಧಿಕಾರಿಗಳು ನ್ಯಾಯವಾಗಿ ಹೊಂದಿಸಿ ಕೊಡುತ್ತಾರೆ. ಎದುರಾಳಿಗಾಗಿ ನಿಲ್ಲುವುದನ್ನೇ ನಿಯಮ ಮಾಡಿಕೊಂಡ ಆಟ ಇದು. ಅದಕ್ಕೇ ನನಗೆ ಇದರ ಮೇಲೆ ಇಷ್ಟು ಗೌರವ.

ಕೆಂಪು ಬಾವುಟ ತೋರಿಸುವುದು ರೇಡಿಯೋ ಪಾಯಿಂಟ್‌ಗಳಲ್ಲಿ, ಅದೂ ಮೇಲಿನಿಂದ ಆದೇಶ ಬಂದ ಮೇಲೆ. ಗಾಬರಿಯಲ್ಲಿ ಯಾರೋ ಬೀಸುವಂಥದ್ದಲ್ಲ.

ಗಾಯಾಳುವಿನ ಹೆಲ್ಮೆಟ್ ತೆಗೆಯಬೇಡಿ. ಕುತ್ತಿಗೆಗೆ ಪೆಟ್ಟಾಗಿರಬಹುದು. ಬೆಂಕಿ ಇಲ್ಲದಿದ್ದರೆ ಎಳೆದು ಹೊರಗೆ ಹಾಕುವುದೂ ಬೇಡ. ಡಾಕ್ಟರ್ ಬರುತ್ತಾರೆ.

ಮೊಬೈಲ್ ನೆಟ್‌ವರ್ಕ್ ಇಲ್ಲದ ಕಡೆ ಸುದ್ದಿ ಹೇಗೆ ಮುಟ್ಟುತ್ತೆ?

ವಾಕಿಟಾಕಿ ಮತ್ತು ಹ್ಯಾಮ್ ರೇಡಿಯೋ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳ ರೇಡಿಯೋ. ಹ್ಯಾಮ್ ಹವ್ಯಾಸಿಗಳು ಕರ್ನಾಟಕದ ರ‍್ಯಾಲಿಗಳಿಗೆ ಬಹಳ ಹಿಂದಿನಿಂದ ನೆರವಾಗುತ್ತಾ ಬಂದಿದ್ದಾರೆ. ಮರ, ಗುಡ್ಡ ಅಡ್ಡ ಬಂದಾಗ ಎತ್ತರದ ಜಾಗದಲ್ಲಿ ಒಬ್ಬರು ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತಾರೆ. ಪ್ರತಿ ಪಾಯಿಂಟಿನಲ್ಲೂ ದಾಟಿದ ಕಾರುಗಳ ನಂಬರ್ ಬರೆದುಕೊಳ್ಳುತ್ತಾರೆ. ಒಂದು ಪಾಯಿಂಟ್ ದಾಟಿದ ಕಾರು ಮುಂದಿನದಕ್ಕೆ ಬರಲಿಲ್ಲ ಅಂದರೆ ಕೂಡಲೇ ಗೊತ್ತಾಗುತ್ತೆ. ರೇಡಿಯೋದಲ್ಲಿ ಚುಟುಕಾಗಿ ಮಾತಾಡಿ. ಕ್ರಿಕೆಟ್ ಸ್ಕೋರ್ ಅಲ್ಲಿ ಬೇಡ.

ಮಾರ್ಷಲ್‌ಗಳಿಗೇ ಅಪಾಯ ಇಲ್ಲವಾ?

ಇದೆ, ಮುಚ್ಚಿಡುವುದಿಲ್ಲ. ಫಾರ್ಮುಲಾ 1ರಂಥ ದೊಡ್ಡ ವ್ಯವಸ್ಥೆಯಲ್ಲೂ 2000ದಲ್ಲಿ ಇಟಲಿಯ ಮೊಂಝಾದಲ್ಲಿ, 2001ರಲ್ಲಿ ಮೆಲ್ಬರ್ನಿನಲ್ಲಿ ಕಾರಿನಿಂದ ಕಳಚಿ ಹಾರಿದ ಚಕ್ರ ಬಡಿದು ಮಾರ್ಷಲ್‌ಗಳು ತೀರಿಕೊಂಡರು. ಕಾರು ಬರುವ ದಿಕ್ಕಿಗೆ ಯಾವತ್ತೂ ಬೆನ್ನು ಹಾಕಬೇಡಿ. ದಪ್ಪ ಮರ ಅಥವಾ ಬರೆಯ ಆಸರೆ ಇರುವ ಕಡೆ ನಿಲ್ಲಿ. ನಿಂತ ಕೂಡಲೇ ಓಡುವ ದಾರಿ ಯಾವುದು ಅಂತ ನೋಡಿಟ್ಟುಕೊಳ್ಳಿ. ನಿಮಗೆ ಕೊಟ್ಟ ಜಾಗವೇ ಸರಿಯಿಲ್ಲ ಅನ್ನಿಸಿದರೆ ಸ್ಟೇಜ್ ಕಮಾಂಡರ್‌ಗೆ ಹೇಳಿ, ಬದಲಿಸುತ್ತಾರೆ.

ಉಂಬಳ, ಹಾವು, ಆನೆ?

ಉಂಬಳ ನೆಲ ಒದ್ದೆ ಇದ್ದರೆ ಇರುತ್ತೆ, ಕಾಲಿಗೆ ಉದ್ದ ಸಾಕ್ಸ್ ಹಾಕಿ, ಸ್ವಲ್ಪ ಉಪ್ಪೋ ಸುಣ್ಣವೋ ಇಟ್ಟುಕೊಳ್ಳಿ. ಅದಕ್ಕೆ ಹೆದರಬೇಕಾಗಿಲ್ಲ. ಆನೆ ಓಡಾಡುವ ಕಡೆಗಳಲ್ಲಿ, ಮೂಡಿಗೆರೆ ಆಲ್ದೂರು ಸುತ್ತಮುತ್ತ, ಕತ್ತಲಲ್ಲಿ ಒಬ್ಬರೇ ನಡೆದು ಹೋಗಬೇಡಿ. ತೋಟದವರು ಆನೆ ಇದೆ ಅಂದರೆ ಅವರ ಮಾತೇ ಕೊನೆ.

ನಿಜವಾಗಿ ಹುಷಾರಾಗಿರಬೇಕಾದದ್ದು ಉಣುಗಿಗೆ (ಉಣ್ಣೆ ಹುಳಕ್ಕೆ). ಮಂಗನ ಕಾಯಿಲೆ ಮೊದಲು ಕಂಡದ್ದು ನಮ್ಮದೇ ಜಿಲ್ಲೆಯಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದನ್ನು ಹರಡುವುದು ಉಣುಗು. ಡಿಸೆಂಬರಿನಿಂದ ಮಳೆ ಬರುವ ತನಕ ಅದರ ಕಾಟ ಜಾಸ್ತಿ. ಕಾಡಂಚಿನಲ್ಲಿ ದಿನವಿಡೀ ತರಗೆಲೆಯ ಮೇಲೆ ಕೂರುವವರು ನಾವೇ ಅಲ್ವಾ. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಸೇರಿಸಿ. ನೆಲದ ಮೇಲೆ ಕೂರಬೇಡಿ, ಪ್ಲಾಸ್ಟಿಕ್ ಸ್ಟೂಲ್ ಒಯ್ಯಿರಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆಮೇಲೆ ಜ್ವರ, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರ್‌ಗೆ ಹೇಳಿ.

ಏನೇನು ತರಬೇಕು?

ನೀರು, ಟಾರ್ಚ್, ಟೊಪ್ಪಿ, ಶೂ, ಪೆನ್ನು ಮತ್ತು ಪೆನ್ಸಿಲ್, ಮೂಗು ಬಾಯಿ ಮುಚ್ಚಲು ಒಂದು ಬಟ್ಟೆ. ಚಳಿಗೆ ಸ್ವೆಟರ್. ಸೆಕೆಂಡ್ ಮುಳ್ಳಿರುವ ಗಡಿಯಾರ. ಹಳಸದ ತಿಂಡಿ ಏನಾದರೂ ಇರಲಿ. ಪುಳಿಯೋಗರೆ ಒಳ್ಳೆಯದು, ಊಟದ ಗಾಡಿ ನಿಮ್ಮ ತಿರುವಿಗೆ ಬರುವಾಗ ತಡವಾಗಬಹುದು.

ಹೆಣ್ಣುಮಕ್ಕಳು ಬರಬಹುದಾ?

ಬರುತ್ತಿದ್ದಾರೆ, ಇನ್ನೂ ಬರಬೇಕು. ಫ್ರಾನ್ಸಿನ ಮಿಶೆಲ್ ಮೂಟೊನ್ 1981ರಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಸಾನ್ರೆಮೊ ರ‍್ಯಾಲಿ ಗೆದ್ದವರು, 1982ರಲ್ಲಿ ಇಡೀ ಚಾಂಪಿಯನ್‌ಶಿಪ್‌ನಲ್ಲಿ ಎರಡನೆಯವರು. ಮುಂದೆ ಅದೇ ಚಾಂಪಿಯನ್‌ಶಿಪ್‌ನ ಸುರಕ್ಷತೆಯ ಹೊಣೆ ಹೊತ್ತರು. ಇಲ್ಲಿ ಸಂಘಟಕರಿಗೆ ಒಂದು ಮಾತು ಹೇಳಲೇಬೇಕು. ಹುಡುಗಿಯರನ್ನು ಒಂಟಿಯಾಗಿ ತೋಟದ ನಡುವೆ ನಿಲ್ಲಿಸಬೇಡಿ, ಜೋಡಿಯಾಗಿ ಹಾಕಿ. ಹತ್ತಿರದ ಮನೆಯಲ್ಲಿ ಶೌಚಾಲಯಕ್ಕೆ ಮೊದಲೇ ಕೇಳಿಕೊಳ್ಳಿ. ಇಷ್ಟನ್ನು ಮಾಡದೆ ಹೆಣ್ಣುಮಕ್ಕಳು ಬರುತ್ತಿಲ್ಲ ಅಂದರೆ ಹೇಗೆ?

ವಿಡಿಯೋ ಮಾಡಬಹುದಾ?

ಕಾರು ಓಡುತ್ತಿರುವಾಗ ಬೇಡ. ಫೋನ್ ಪರದೆ ನೋಡುವ ಕಣ್ಣು ರಸ್ತೆ ನೋಡುವುದಿಲ್ಲ. ಅಪಘಾತದ ವಿಡಿಯೋ ಯಾವ ಕಾರಣಕ್ಕೂ ಹಂಚಬೇಡಿ, ಅವರ ಮನೆಯವರಿಗೆ ಸುದ್ದಿ ಮುಟ್ಟುವ ಮೊದಲು ಅದು ಮುಟ್ಟಬಾರದು. ಕಾರುಗಳನ್ನು ನಿಧಾನವಾಗಿ ನೋಡಬೇಕಿದ್ದರೆ ಸಂಜೆ ಕಾರುಗಳನ್ನು ರಿಪೇರಿ ಮಾಡುವ ಸರ್ವಿಸ್ ಪಾರ್ಕಿಗೆ ಹೋಗಿ. ಮೆಕ್ಯಾನಿಕ್‌ಗಳು ಗಡಿಯಾರ ಇಟ್ಟುಕೊಂಡು ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವುದನ್ನು ನೋಡುವುದೇ ಒಂದು ಪಾಠ. ಎಣ್ಣೆ ಮಣ್ಣಿಗೆ ಬೀಳದಂತೆ ಕಾರಿನ ಕೆಳಗೆ ಟಾರ್ಪಾಲು ಹಾಸಿರುತ್ತಾರೆ, ಅದನ್ನೂ ಗಮನಿಸಿ.

ಇದರಲ್ಲಿ ಮುಂದೆ ಬೆಳೆಯಬಹುದಾ?

ಬೆಳೆಯಬಹುದು. ಅಡ್ಡದಾರಿಯಿಂದ ಟೈಮ್ ಕಂಟ್ರೋಲ್, ಅಲ್ಲಿಂದ ಪೋಸ್ಟ್ ಮುಖ್ಯಸ್ಥ, ಸ್ಟೇಜ್ ಕಮಾಂಡರ್. ಎಂಜಿನಿಯರಿಂಗ್ ಅಥವಾ ಐಟಿಐ ಓದಿದವರಿಗೆ ಸ್ಕ್ರೂಟಿನಿ ಹೊಂದುತ್ತೆ. ರೋಲ್ ಕೇಜ್ (ಪಲ್ಟಿಯಾದರೆ ಒಳಗಿನವರನ್ನು ಕಾಯುವ ಕಬ್ಬಿಣದ ಚೌಕಟ್ಟು), ಸೀಟ್ ಬೆಲ್ಟ್, ಹೆಲ್ಮೆಟ್, ಬೆಂಕಿ ಆರಿಸುವ ಸಾಧನ, ಕರೆಂಟ್ ಕಡಿಯುವ ಸ್ವಿಚ್ ಎಲ್ಲ ನಿಯಮದಂತೆ ಇದೆಯಾ ಅಂತ ನೋಡುವ ಕೆಲಸ ಅದು. ಇದನ್ನೇ ಹೊಟ್ಟೆಪಾಡು ಮಾಡಿಕೊಳ್ಳುತ್ತೇನೆ ಅಂದರೆ ಕಷ್ಟ. ಕೆಲಸದ ಜೊತೆಗೆ ಇಟ್ಟುಕೊಳ್ಳಿ.

ಸೇರುವುದು ಹೇಗೆ?

ದೇಶದಲ್ಲಿ ಮೋಟಾರ್ ಸ್ಪೋರ್ಟ್ಸ್ ನೋಡಿಕೊಳ್ಳುವ ಸಂಸ್ಥೆ ಚೆನ್ನೈನಲ್ಲಿರುವ ಎಫ್‌ಎಂಎಸ್‌ಸಿಐ. ಅದರ ಕೆಳಗೆ ಕ್ಲಬ್‌ಗಳು ರ‍್ಯಾಲಿ ನಡೆಸುತ್ತವೆ. ಸ್ಪರ್ಧೆಯ ದಿನಾಂಕ ಗೊತ್ತಾದ ಕೂಡಲೇ ಸಂಘಟಿಸುವ ಕ್ಲಬ್ಬಿಗೆ ಬರೆಯಿರಿ. ಹೆಸರು, ವಯಸ್ಸು, ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಕೊಡಿ. ಪ್ರಥಮ ಚಿಕಿತ್ಸೆ ಗೊತ್ತಿದ್ದರೆ, ಜೀಪ್ ಇದ್ದರೆ, ಯಾವ ಹೋಬಳಿಯ ಒಳದಾರಿಗಳು ಗೊತ್ತು ಅನ್ನುವುದು ಇದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ರ‍್ಯಾಲಿಗೆ ಮೊದಲು ಮಾರ್ಷಲ್‌ಗಳ ತರಬೇತಿ ಸಭೆ ಇರುತ್ತೆ. ಅದಕ್ಕೆ ಬರದವರಿಗೆ ರಸ್ತೆಯಲ್ಲಿ ಜಾಗ ಕೊಡಬಾರದು, ಹಾಗಾಗಿ ಆ ದಿನ ರಜೆ ಹಾಕಿಯೇ ಬನ್ನಿ. ಬರುತ್ತೇನೆ ಅಂತ ಒಪ್ಪಿಕೊಂಡ ಮೇಲೆ ಬರಲು ಆಗದಿದ್ದರೆ ಹಿಂದಿನ ದಿನವೇ ತಿಳಿಸಿ. ನಿಮ್ಮ ದಾರಿಗೆ ಇನ್ನೊಬ್ಬರನ್ನು ಹುಡುಕಲು ಅವರಿಗೆ ಒಂದು ರಾತ್ರಿಯಾದರೂ ಬೇಕು.